ಬ್ಯಾಟರಿ ಇಲ್ಲದೆ ಮೋಟಾರ್ ಓಡುತ್ತದೆಯೇ? ಪುಟ್ಟ ರೈಲು ಕಟ್ಟಿದ ಕಮ್ಮಾರನ ಬದುಕಿನಲ್ಲಿದೆ ಉತ್ತರ

ಎರಡು ಮ್ಯಾಗ್ನೆಟ್, ಒಂದು ಮೋಟಾರ್ ಇದ್ದರೆ ಸಾಕು, ಕರೆಂಟ್ ಇಲ್ಲದೆ ಪಂಪ್‌ಸೆಟ್ ಓಡುತ್ತದೆ ಎನ್ನುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅಂಥ ಯಂತ್ರಕ್ಕೆ ಹಣ ಕೊಡುವ ಮುನ್ನ ಥಾಮಸ್ ಡೇವನ್‌ಪೋರ್ಟ್ ಅವರ ಕಥೆ ಓದಿ.

ಯಾರಿವರು?

1802ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದ ಡೇವನ್‌ಪೋರ್ಟ್ ಹೆಚ್ಚು ಓದಿದವರಲ್ಲ. ಬ್ರಾಂಡನ್ ಎಂಬ ಊರಿನಲ್ಲಿ ಕಮ್ಮಾರರಾಗಿದ್ದರು. 1833ರಲ್ಲಿ ಕಬ್ಬಿಣದ ಕಾರ್ಖಾನೆಯೊಂದರ ವಿದ್ಯುತ್ ಅಯಸ್ಕಾಂತ ಅವರ ಮನಸ್ಸು ಸೆಳೆಯಿತು. ಬ್ಯಾಟರಿ ಜೋಡಿಸಿದರೆ ಅದು ಭಾರ ಎತ್ತುತ್ತಿತ್ತು, ತೆಗೆದರೆ ಬಿಡುತ್ತಿತ್ತು. ಕೈಯಲ್ಲಿದ್ದ ಹಣವೆಲ್ಲ ಸುರಿದು ಅದನ್ನು ಕೊಂಡು ತಂದರು. ಅದಕ್ಕಾಗಿ ಸೋದರನ ಕುದುರೆಯೂ ಹೋಯಿತು. ಮನೆಯಲ್ಲಿ ಅದನ್ನು ಬಿಚ್ಚುವಾಗ, ತಂತಿ ಹೇಗೆ ಸುತ್ತಿದೆ ಎಂದು ಪತ್ನಿ ಎಮಿಲಿ ಬರೆದಿಟ್ಟುಕೊಂಡರು.

1834ರಲ್ಲಿ ಅವರ ಮೋಟಾರ್ ತಿರುಗಿತು. ಬಳಿಕ ದುಂಡಗಿನ ಹಳಿಯ ಮೇಲೆ ಪುಟ್ಟ ವಿದ್ಯುತ್ ರೈಲು ಓಡಿಸಿ ತೋರಿಸಿದರು. 1837ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಹಣ ಬರಲಿಲ್ಲ. 1851ರಲ್ಲಿ, 49 ತುಂಬುವ ಮೊದಲೇ, ಬಡತನದಲ್ಲೇ ತೀರಿಕೊಂಡರು.

ಸೋತದ್ದು ಏಕೆ?

ಮೋಟಾರ್‌ನಲ್ಲಿ ಅಯಸ್ಕಾಂತ ಇತ್ತು, ಆದರೆ ಶಕ್ತಿ ಬರುತ್ತಿದ್ದದ್ದು ಬ್ಯಾಟರಿಯಿಂದ. ಬ್ಯಾಟರಿಯೊಳಗಿನ ಸತು ಕರಗುತ್ತಾ ಹೋಗುತ್ತಿತ್ತು. ಅಷ್ಟೇ ಕೆಲಸವನ್ನು ಉಗಿ ಎಂಜಿನ್ ಕಲ್ಲಿದ್ದಲಿನಿಂದ ಬಹಳ ಅಗ್ಗವಾಗಿ ಮಾಡುತ್ತಿತ್ತು. ಮ್ಯಾಗ್ನೆಟ್‌ನಿಂದ ಪುಕ್ಕಟೆ ಶಕ್ತಿ ಸಿಗುವಂತಿದ್ದರೆ ಡೇವನ್‌ಪೋರ್ಟ್ ಸೋಲುತ್ತಲೇ ಇರಲಿಲ್ಲ.

1879ರಲ್ಲಿ ಬರ್ಲಿನ್‌ನಲ್ಲಿ ವರ್ನರ್ ಸೀಮೆನ್ಸ್ ಜನರನ್ನು ಕೂರಿಸಿಕೊಂಡು ವಿದ್ಯುತ್ ರೈಲು ಓಡಿಸಿದರು. ಅದಕ್ಕೆ ಕರೆಂಟ್ ಬಂದದ್ದು ಡೈನಮೋದಿಂದ, ಹಳಿಯ ಮೂಲಕ. ನಮ್ಮ ದೇಶದ ಮೊದಲ ವಿದ್ಯುತ್ ರೈಲು ಮುಂಬೈಯಲ್ಲಿ 1925ರ ಫೆಬ್ರವರಿ 3ರಂದು ಓಡಿತು. ಅದಕ್ಕೂ ಮೇಲಿನ ತಂತಿಯಿಂದ ಕರೆಂಟ್ ಬೇಕಿತ್ತು.

ನೀವೇ ಪರೀಕ್ಷಿಸಿ

ಬೀದರ್, ಭಾಲ್ಕಿ, ಔರಾದ್, ಎಲ್ಲೇ ಇರಲಿ, ಮಕ್ಕಳು ಕಿಟ್ ತಂದು ರೈಲು ಎಂಜಿನ್ ಜೋಡಿಸಿದರೆ ಗಮನಿಸಿ. ಮೋಟಾರ್ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ, ಅದು ಗಾಲಿಯನ್ನು ತಿರುಗಿಸುತ್ತದೆ. ಡಬ್ಬಿ ಹೆಚ್ಚಿಸಿದಷ್ಟೂ ಬ್ಯಾಟರಿ ಬೇಗ ಮುಗಿಯುತ್ತದೆ.

ಈಗ ಎರಡು ಆಟಿಕೆ ಮೋಟಾರ್‌ಗಳ ಶಾಫ್ಟ್ ಜೋಡಿಸಿ, ಒಂದರ ತಂತಿಯನ್ನು ಇನ್ನೊಂದಕ್ಕೆ ಕೊಟ್ಟು, ಕೈಯಿಂದ ತಿರುಗಿಸಿ ಬಿಡಿ. ಕ್ಷಣದಲ್ಲಿ ನಿಲ್ಲುತ್ತವೆ. ಉಜ್ಜಾಟದಲ್ಲಿ, ತಂತಿಯ ಬಿಸಿಯಲ್ಲಿ ಶಕ್ತಿ ಸೋರಿಹೋಗುತ್ತದೆ.

ತೀರ್ಪು: ವಿಡಿಯೊದ ಮಾತು ಸುಳ್ಳು. ಮೋಟಾರ್ ಶಕ್ತಿಯ ರೂಪ ಬದಲಿಸುತ್ತದೆ, ಹುಟ್ಟಿಸುವುದಿಲ್ಲ. ಆ ವಿಡಿಯೊ ಕಳಿಸಿದವರಿಗೆ ಇದನ್ನೂ ಕಳಿಸಿ.