ತುಂಗಾ ತೀರದಿಂದ ಕಾಳಿ ಕಣಿವೆಗೆ: ಕಾಡನ್ನು ಓದಿದ ವೈದ್ಯ ಕ್ಲೆಗ್‌ಹಾರ್ನ್

ಸಿರಿಗೆರೆ: ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು 2021ರಲ್ಲಿ ಭರಮಸಾಗರದ ದೊಡ್ಡಕೆರೆಗೆ ಬಂದಿತು. ಆ ನದಿಯ ಮೂಲವಿರುವುದು ಮಲೆನಾಡಿನ ಕಾಡುಗಳಲ್ಲಿ. ಕಾಡು ಕಡಿದರೆ ನೀರಿನ ಗತಿಯೇನೆಂದು 1851ರಷ್ಟು ಹಿಂದೆಯೇ ವಿಚಾರ ಮಾಡಿದವರಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಒಬ್ಬರು.

1820ರ ಆಗಸ್ಟ್ 9ರಂದು ಮದ್ರಾಸಿನಲ್ಲಿ ಜನಿಸಿದ ಅವರು ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದರು. ಕೆಲವೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ನಗರ ವಿಭಾಗ ಅವರ ಕಾರ್ಯಕ್ಷೇತ್ರವಾಯಿತು. ತುಂಗೆಯ ದಂಡೆಯ ಶಿವಮೊಗ್ಗದಲ್ಲಿದ್ದುಕೊಂಡು, ಸಸ್ಯವಿಜ್ಞಾನಿ ವಿಲಿಯಂ ಹೂಕರ್ ಅವರ ಸಲಹೆಯಂತೆ ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ವ್ರತ ಹಿಡಿದರು. ರೋಗಿಗಳನ್ನು ನೋಡುವ ಕೆಲಸದ ನಡುವೆಯೇ ಇದು ಸಾಗಿತು. ಮರಾಠಾ ಚಿತ್ರಕಾರನೊಬ್ಬ ಗಿಡಗಳನ್ನು ಕಂಡಂತೆಯೇ ಚಿತ್ರಿಸಿಕೊಟ್ಟನು. ಆ ಚಿತ್ರಗಳು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಉಳಿದುಬಂದಿವೆ.

ಅನಾರೋಗ್ಯದಿಂದ 1848ರಲ್ಲಿ ತಾಯ್ನಾಡಿಗೆ ಮರಳಿದ ಕ್ಲೆಗ್‌ಹಾರ್ನ್ ಸುಮ್ಮನೆ ಕೂರಲಿಲ್ಲ. ಉಷ್ಣವಲಯದ ಅರಣ್ಯನಾಶದ ಪರಿಣಾಮಗಳ ಬಗ್ಗೆ ವರದಿ ಸಿದ್ಧಪಡಿಸಲು ಬ್ರಿಟಿಷ್ ಅಸೋಸಿಯೇಷನ್ 1850ರಲ್ಲಿ ನೇಮಿಸಿದ ಸಮಿತಿಯಲ್ಲಿ ದುಡಿದರು. ಮರುವರ್ಷ ವರದಿ ಮಂಡನೆಯಾಯಿತು. ಮತ್ತೆ ಮದ್ರಾಸಿಗೆ ಬಂದು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯ ಹುದ್ದೆ ಅವರಿಗೆ ಒಲಿಯಿತು.

ಉತ್ತರ ಕನ್ನಡ ಆಗ ಮದ್ರಾಸಿಗೇ ಸೇರಿತ್ತು. ಕಾಳಿ ನದಿಯ ಕಣಿವೆಯ ಇಳಿಜಾರುಗಳಲ್ಲಿ ಬಲಿತ ತೇಗ, ಬೀಟೆ, ಹೊನ್ನೆ, ಮತ್ತಿ ಮರಗಳಿದ್ದವು. ಹಡಗು ಕಟ್ಟುವವರ ಕಣ್ಣು ಮೊದಲಿನಿಂದಲೂ ಅಲ್ಲಿನ ತೇಗದ ಮೇಲಿತ್ತು. ಈಗ ರೈಲುಹಳಿಯ ದಿಮ್ಮಿಗಳಿಗಾಗಿ ಬೇಡಿಕೆ ಮತ್ತಷ್ಟು ಏರಿತು. ಕಡಿಯುವುದಕ್ಕೆ ಮಿತಿ, ಕಡಿದಲ್ಲಿ ನೆಡುವುದಕ್ಕೆ ಕ್ರಮ ಬೇಕೆಂಬುದು ಕ್ಲೆಗ್‌ಹಾರ್ನ್ ಅವರ ನಿಲುವು.

ಆದರೆ ಅವರ ಸಿಟ್ಟೆಲ್ಲ ಹೆಚ್ಚಾಗಿ ತಿರುಗಿದ್ದು ಕುಮರಿ ಬೇಸಾಯದ ಕಡೆಗೆ. ಇಳಿಜಾರಿನ ಕಾಡನ್ನು ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ಬೆಳೆಯ ನಂತರ ಮುಂದೆ ಹೋಗುವ ಪದ್ಧತಿ ಅದು. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ರೈಲು ಮತ್ತು ಹಡಗಿನ ಕೊಡಲಿಗೆ ದೊರೆತದ್ದು ನಿಯಮ, ಕಾಡಿನ ಬಡವನ ಕೊಡಲಿಗೆ ದೊರೆತದ್ದು ನಿಷೇಧ. ಆ ಬಡವರ ತುತ್ತಿನ ಪ್ರಶ್ನೆಗೆ ಕ್ಲೆಗ್‌ಹಾರ್ನ್ ಅವರ ಯೋಜನೆಯಲ್ಲಿ ತಕ್ಕ ಉತ್ತರವಿರಲಿಲ್ಲ.

1861ರಲ್ಲಿ ದಕ್ಷಿಣ ಭಾರತದ ಅರಣ್ಯ ಹಾಗೂ ಉದ್ಯಾನಗಳ ಕುರಿತ ಅವರ ಗ್ರಂಥ ಪ್ರಕಟವಾಯಿತು. ಬಳಿಕ ಪಂಜಾಬಿನ ಕಾಡುಗಳ ಸಮೀಕ್ಷೆಯನ್ನೂ ನಡೆಸಿ ಸ್ಕಾಟ್ಲೆಂಡಿಗೆ ಹಿಂದಿರುಗಿದ ಅವರು, 1895ರ ಮೇ 16ರಂದು ನಿಧನರಾದರು. ಕ್ಲೆಗ್‌ಹಾರ್ನಿಯಾ ಎಂಬ ಸಸ್ಯಕುಲಕ್ಕೆ ಅವರದೇ ಹೆಸರಿದೆ. ಅವರ ಸಂಗ್ರಹದ ಚಿತ್ರಗಳು 2016ರಲ್ಲಿ ಪುಸ್ತಕರೂಪದಲ್ಲಿ ಹೊರಬಂದವು.