ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಂ

ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಕಾಕಾನ ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟು ಕಾಣಿಸಿತು. ಅದನ್ನು ಕೊಯ್ದು ತೆಗೆಯಲು ಡಾಕ್ಟರರು ಒಪ್ಪಲಿಲ್ಲ. ಹಿಂದೊಮ್ಮೆ ಕ್ಷಯ ಬಂದುಹೋಗಿತ್ತು, ಬೀಡಿಯ ಚಟವಿತ್ತು, ದಮ್ಮಂತೂ ಇದ್ದೇ ಇತ್ತು. ಒಂದು ಕೊಳವೆಯೊಳಗೆ ಜೋರಾಗಿ ಊದಿಸಿ ಉಸಿರನ್ನು ಅಳೆದು, ಈ ಎದೆಗೆ ಶಸ್ತ್ರಕ್ರಿಯೆ ತಾಳದೆಂದು ಹೇಳಿ ಕಳುಹಿಸಿದರು. ಬಡವರೆಂದು ಕೈಬಿಟ್ಟರೆಂದೇ ಮನೆಯವರೆಲ್ಲ ತಿಳಿದೆವು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೆ. ಕಾರಣವನ್ನು ತಿಳಿದು ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಹಾಗೆ ಓದುತ್ತ ಹೋದಾಗ ಎದುರಾದವರು ಅಮೇರಿಕದ ಪ್ರಸಿದ್ಧ ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಂ.

ಗ್ರಹಾಂ 1883ರಲ್ಲಿ ಶಿಕಾಗೊ ನಗರದಲ್ಲಿ ಜನಿಸಿದರು. ತಂದೆಯೂ ಶಸ್ತ್ರವೈದ್ಯರೇ. 1907ರಲ್ಲಿ ವೈದ್ಯಪದವಿ ಪಡೆದರು.

1918ರಲ್ಲಿ ಅಮೇರಿಕದ ಸೈನ್ಯದ ಬಿಡಾರಗಳಲ್ಲಿ ನ್ಯುಮೋನಿಯಾ ಹಬ್ಬಿ, ಸಿಪಾಯಿಗಳ ಎದೆಗೂಡಿನಲ್ಲಿ ಕೀವು ತುಂಬತೊಡಗಿತು. ಕೀವು ಕಂಡೊಡನೆ ಎದೆಯನ್ನು ಕೊಯ್ದು ತೆರೆಯುವುದು ಅಂದಿನ ರೂಢಿ. ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಇದರ ವಿಚಾರಣೆಗೆ ನೇಮಕವಾದ ಮಂಡಳಿಯಲ್ಲಿ ಗ್ರಹಾಂ ಇದ್ದರು. ಎದೆ ತೆರೆದೊಡನೆ ಹೊರಗಿನ ಗಾಳಿ ಒಳನುಗ್ಗಿ, ಆ ಬದಿಯ ಶ್ವಾಸಕೋಶವನ್ನಷ್ಟೇ ಅಲ್ಲ, ಎರಡನ್ನೂ ಅದುಮುತ್ತದೆಂದು ಅವರು ತೋರಿಸಿದರು. ಗಟ್ಟಿಮುಟ್ಟಾದವನು ಅದನ್ನು ತಕ್ಕಮಟ್ಟಿಗೆ ತಾಳಿಯಾನು. ರೋಗದಿಂದ ಉಸಿರಿನ ಬಂಡವಾಳ ಮೊದಲೇ ಕರಗಿಹೋದವನು ಹೇಗೆ ತಾಳಬೇಕು? ಮೊದಲು ಸೂಜಿಯಿಂದ ಕೀವನ್ನು ಹೀರಿ, ಅದು ಗಟ್ಟಿಯಾದ ಮೇಲೆಯೇ ಕೊಯ್ಯಬೇಕೆಂಬ ಪದ್ಧತಿ ಬಂದಿತು. ಸಾವು ನೂರಕ್ಕೆ ಐದರೊಳಗೆ ಇಳಿಯಿತು. ಗ್ರಹಾಂ ಅವರ ಬೇರೆಲ್ಲ ಸಾಧನೆಗಳಿಗಿಂತ ನನಗೆ ಇದೇ ದೊಡ್ಡದೆನಿಸುತ್ತದೆ.

1919ರಲ್ಲಿ ಅವರು ಸೇಂಟ್ ಲೂಯಿಸ್ ನಗರದ ವಾಶಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1933ರ ಏಪ್ರಿಲ್ 5ರಂದು ಜೇಮ್ಸ್ ಗಿಲ್ಮೋರ್ ಎಂಬ ನಾಲ್ವತ್ತೆಂಟು ವರ್ಷದ ವೈದ್ಯರ ಎದೆಯನ್ನು ತೆರೆದರು. ಒಂದು ಭಾಗವನ್ನು ಮಾತ್ರ ತೆಗೆಯುವ ಯೋಚನೆಯಿತ್ತು. ಗಂಟು ದೊಡ್ಡ ಗಾಳಿನಾಳದ ಹತ್ತಿರಕ್ಕೆ ಹಬ್ಬಿದ್ದರಿಂದ ಎಡ ಶ್ವಾಸಕೋಶವನ್ನು ಪೂರ್ತಿಯಾಗಿ, ಒಂದೇ ಸಲಕ್ಕೆ, ತೆಗೆದುಬಿಟ್ಟರು. ಕ್ಯಾನ್ಸರಿಗಾಗಿ ಹೀಗೆ ಮಾಡಿ ರೋಗಿ ಬದುಕಿದ್ದು ಅದೇ ಮೊದಲು. ಖಾಲಿಯಾದ ಜಾಗ ಕುಗ್ಗಲೆಂದು ಏಳು ಪಕ್ಕೆಲುಬುಗಳನ್ನೂ ತೆಗೆದಿದ್ದರು. ಗಿಲ್ಮೋರರ ಬಲ ಶ್ವಾಸಕೋಶ ಇಡೀ ದೇಹದ ಉಸಿರನ್ನು ಹೊತ್ತಿತು.

ಕಾಕಾನ ಸಂಗತಿ ನನಗೆ ತಿಳಿದದ್ದು ಇಲ್ಲಿಯೇ. ಕೊಳವೆಯಲ್ಲಿ ಊದಿಸಿದ್ದು ಗಂಟಿನ ಪರೀಕ್ಷೆಗಲ್ಲ, ಕೊಯ್ದ ಮೇಲೆ ಉಳಿಯುವ ಶ್ವಾಸಕೋಶದ ಲೆಕ್ಕಕ್ಕೆ. ಆ ಲೆಕ್ಕ ಸಾಲದಿದ್ದರೆ ರೋಗಿಗೆ ನ್ಯುಮೋನಿಯಾ ಆಗಬಹುದು, ಗಾಳಿ ಸೋರಬಹುದು, ಯಂತ್ರದ ಉಸಿರಿನಿಂದ ಹೊರಬರಲಾರದೆಯೂ ಹೋಗಬಹುದು. ಕ್ಯಾನ್ಸರನ್ನು ತರುವ ಹೊಗೆಯೇ ಶ್ವಾಸಕೋಶವನ್ನೂ ಸವೆಸಿರುತ್ತದೆ. ಶಸ್ತ್ರಕ್ರಿಯೆ ಬೇಕಾದವನೇ ಅದನ್ನು ತಾಳಲಾರದವನಾಗಿರುತ್ತಾನೆ. ಅಂಥವರಿಗೆ ಈಗ ಸಣ್ಣ ಭಾಗವನ್ನಷ್ಟೇ ತೆಗೆಯುವುದುಂಟು, ಇಲ್ಲವೆ ಕಿರಣಚಿಕಿತ್ಸೆ ಕೊಡುವುದುಂಟು. ಕಾಕಾಗೆ ಕಿರಣಚಿಕಿತ್ಸೆಯೇ ನಡೆದಿದೆ. ನನ್ನ ವಿವರಣೆಯನ್ನು ಕಾಕಾ ಒಪ್ಪಿದರು. ಕಾಕು ಇನ್ನೂ ಒಪ್ಪಿಲ್ಲ.

ಗ್ರಹಾಂ ಸ್ವತಃ ಬಹಳ ಸಿಗರೇಟು ಸೇದುತ್ತಿದ್ದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆಯೆಂದು ಆಲ್ಟನ್ ಆಕ್ಸ್‌ನರ್ ಎಂಬ ವೈದ್ಯರು ಹೇಳಿದಾಗ, ಕಾಲುಚೀಲದ ಮಾರಾಟವೂ ಹೆಚ್ಚಿದೆಯಲ್ಲ ಎಂದು ನಕ್ಕಿದ್ದರಂತೆ. ಆದರೂ ಅರ್ನ್ಸ್ಟ್ ವಿಂಡರ್ ಎಂಬ ವಿದ್ಯಾರ್ಥಿ ಇದನ್ನೇ ಪರೀಕ್ಷಿಸಬೇಕೆಂದಾಗ ಬೇಡವೆನ್ನಲಿಲ್ಲ. 1950ರಲ್ಲಿ ಇಬ್ಬರೂ ಕೂಡಿ 684 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಫಲಿತಾಂಶ ಗ್ರಹಾಂ ಅವರ ನಗೆಗೆ ವಿರುದ್ಧವಾಗಿತ್ತು. ಅದನ್ನು ಮುಚ್ಚಿಡದೆ, ಮುಂದೆ ತಾವೂ ಸಿಗರೇಟು ಬಿಟ್ಟರು. ತಂಬಾಕನ್ನೇ ಉಂಡು ಬೆಳೆದ ಊರಿನವನಾದ ನನಗೆ ಈ ಭಾಗವನ್ನು ಓದುವುದು ಸುಲಭವಾಗಲಿಲ್ಲ. ನನ್ನ ಕಾಲೇಜಿನ ಫೀಯೂ ಅದೇ ವಖಾರಿಯ ಕೂಲಿಯಿಂದ ಬಂದದ್ದು.

1957ರ ಆರಂಭದಲ್ಲಿ ಗ್ರಹಾಂ ಅವರಿಗೂ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅದು ಎರಡೂ ಕಡೆ ಹಬ್ಬಿದ್ದರಿಂದ ಅವರೇ ತೋರಿಸಿಕೊಟ್ಟ ಶಸ್ತ್ರಕ್ರಿಯೆ ಅವರಿಗೆ ಒದಗಲಿಲ್ಲ. ಮಾರ್ಚ್ 4ರಂದು ತೀರಿಕೊಂಡರು. ಒಂದೇ ಶ್ವಾಸಕೋಶದ ಗಿಲ್ಮೋರ್ ಆಗ ಇನ್ನೂ ಬದುಕಿದ್ದರು. ಅವರು ಕಾಲವಾದದ್ದು 1963ರಲ್ಲಿ.