ಮ್ಯಾಟ್ ಯಾರದ್ದು, ಮಣ್ಣು ಯಾರದ್ದು?

ನಮ್ಮ ಗಾವಡಗೆರೆ ಕಡೆ ಕುಸ್ತಿ ಅಂದ್ರೆ ಗರಡಿ ಮಣ್ಣು. 1878ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಗಾಮಾ ಪೈಲ್ವಾನ್ ಪಳಗಿದ್ದೂ ಅಂಥದ್ದೇ ಮಣ್ಣಲ್ಲಿ. 1910ರಲ್ಲಿ ಲಂಡನ್‌ಗೆ ಹೋದಾಗ ಕುಳ್ಳ ಅಂತ ಟೂರ್ನಿಗೇ ಸೇರಿಸಲಿಲ್ಲ. ಸವಾಲು ಹಾಕಿ ಪೋಲೆಂಡಿನ ಜಿಬಿಸ್ಕೊ ಎದುರು ನಿಂತ. ಅಲ್ಲಿನ ಮ್ಯಾಟ್ ಮೇಲೆ ಜಿಬಿಸ್ಕೊ ಎರಡೂವರೆ ಗಂಟೆ ಬಹುಪಾಲು ಬೋರಲು ಬಿದ್ದುಕೊಂಡೇ ಸೋಲು ತಪ್ಪಿಸಿಕೊಂಡ. ಪಂದ್ಯ ಡ್ರಾ. ಮರುಪಂದ್ಯಕ್ಕೆ ಬರಲೇ ಇಲ್ಲ.

1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದರು. ಇಬ್ಬರಿಗೂ 50ರ ಹತ್ತಿರ. ಈ ಸಲ ಒಂದೇ ನಿಮಿಷದೊಳಗೆ ಜಿಬಿಸ್ಕೊ ಚಿತ್! ದೇಶ ಒಡೆದ ಮೇಲೆ ಲಾಹೋರಿನಲ್ಲಿದ್ದ ಗಾಮಾ 1960ರಲ್ಲಿ ತೀರಿಕೊಂಡ.

ಯಾವ ದೇಶದ ಪಟ್ಟು ದೊಡ್ಡದು ಅನ್ನೋ ವಾದಕ್ಕೆ ನನ್ನ ಪ್ರಶ್ನೆ ಒಂದೇ: ಕಣ ಯಾರದ್ದು, ನಿಯಮ ಬರೆದವರು ಯಾರು? ಮೆರಿಟ್ ಬಗ್ಗೆ ಮಾತಾಡೋರಿಗೂ ಇದನ್ನೇ ಕೇಳಿ.